ಡೆಲ್ಫಾಳ ನಲವತ್ತೊಂದು

ನಲವತ್ತು ವರ್ಷಗಳಲ್ಲಿ ಡೆಲ್ಫಾ ಯಾರ್ನೆಲ್ ಹನ್ನೊಂದು ಹೇಸರಗತ್ತೆಗಳನ್ನು ಕೊಂದಿದ್ದಳು. ಹನ್ನೊಂದಕ್ಕೂ ಒಂದೊಂದೇ ಈಡು.

ಐಡಹೋದ ನಮ್ಮ ಎಲ್ಡರ್ ಫೋರ್ಕ್ ಕಣಿವೆಯಲ್ಲಿ ಇದನ್ನು ಯಾರೂ ಪಾಪವೆಂದು ಎಣಿಸುವುದಿಲ್ಲ. ಬೇಟೆಗಾರರ ಸಾಮಾನು ಹೊತ್ತು ಬೆಟ್ಟ ಹತ್ತುವ ಪ್ರಾಣಿ ಇಳಿಜಾರಿನಲ್ಲಿ ಕಾಲು ಮುರಿದುಕೊಂಡರೆ ಅಲ್ಲಿಗೆ ಯಾವ ವೈದ್ಯನೂ ಬರುವುದಿಲ್ಲ. ಒಂದಕ್ಕೊಂದು ಕಟ್ಟಿದ ಹೇಸರಗತ್ತೆಗಳ ಸಾಲಿನ ಮುಂದಿನ ಹಗ್ಗ ಯಾರ ಕೈಯಲ್ಲಿರುತ್ತದೋ ಅವರ ಸೊಂಟದಲ್ಲಿ ರಿವಾಲ್ವರ್ ಇರಬೇಕು, ಕೆಲಸವನ್ನು ಅವರೇ ಮುಗಿಸಬೇಕು. ಬಲಗಣ್ಣಿನಿಂದ ಎಡಗಿವಿಗೆ ಒಂದು ಗೆರೆ, ಎಡಗಣ್ಣಿನಿಂದ ಬಲಗಿವಿಗೆ ಇನ್ನೊಂದು. ಎರಡೂ ಕೂಡುವ ಜಾಗಕ್ಕಿಂತ ಒಂದು ಬೆರಳು ಮೇಲೆ. ಡೆಲ್ಫಾ ಇದನ್ನು ಎಷ್ಟೋ ಜನರಿಗೆ ಕಲಿಸಿದ್ದಳು. ಬೇಟೆ ಕ್ಯಾಂಪಿನ ಮಾಲೀಕ ಮೆರಿಟ್ ಟಿಲಟ್ಸನ್‌ನ ಮಗ ರಾಯ್ಸ್‌ಗೆ ಒಂಬತ್ತು ವರ್ಷವಾಗಿದ್ದಾಗ, ಆಗಷ್ಟೇ ಸತ್ತ ಹೇಸರಗತ್ತೆಯ ಹಣೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ತೋರಿಸಿದ್ದಳು. ಆ ಹುಡುಗ ಅಂದು ವಾಂತಿ ಮಾಡಿಕೊಂಡಿದ್ದ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವಳ ಸೊಂಟದಲ್ಲಿದ್ದ ರಿವಾಲ್ವರ್ ಮೊದಲು ಅವಳ ಗಂಡ ಆರ್ವಿಡ್‌ನದು. ಅದು ನಲವತ್ತೊಂದು. ನಮ್ಮ ಕಡೆ ರಿವಾಲ್ವರನ್ನು ಅದಕ್ಕೆ ಹಾಕುವ ತೋಟಾದ ಅಳತೆಯಿಂದಲೇ ಕರೆಯುವುದು. ಮುನ್ನೂರೈವತ್ತೇಳು, ಹೆಸರಿನ ಸಂಖ್ಯೆ ದೊಡ್ಡದಾದರೂ ಅಳತೆಯಲ್ಲಿ ಚಿಕ್ಕದು, ಎಲ್ಲರ ಮನೆಯಲ್ಲೂ ಇರುತ್ತದೆ. ನಲವತ್ನಾಲ್ಕು ಬೆಟ್ಟಕ್ಕೆ ಹೋಗುವವರ ಬಳಿ ಇರುತ್ತದೆ. ನಲವತ್ತೊಂದು ಇವೆರಡರ ನಡುವಿನದು. ಅದನ್ನು ಪೊಲೀಸರಿಗೆಂದು ಮಾಡಿದ್ದರಂತೆ, ಆದರೆ ಪೊಲೀಸರಿಗೆ ಅದು ಭಾರವಾಯಿತು. ಬೇಟೆಗಾರರು ಆ ಹೊತ್ತಿಗಾಗಲೇ ನಲವತ್ನಾಲ್ಕನ್ನು ಕೊಂಡುಬಿಟ್ಟಿದ್ದರು. ಯಾರಿಗೂ ಬೇಡವಾದದ್ದರಿಂದಲೇ ಅದು ಆರ್ವಿಡ್‌ನ ಕೈಗೆ ಅಗ್ಗವಾಗಿ ಬಂತು.

ಅವನು ಸತ್ತ ಮೇಲೆ ಡೆಲ್ಫಾ ಅದನ್ನು ಇಟ್ಟುಕೊಂಡದ್ದು ಬರೀ ನೆನಪಿಗಾಗಿ ಅಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಹೆಣ್ಣು ಹೇಸರಗತ್ತೆ ಅವಳ ಬಲ ಮಣಿಕಟ್ಟನ್ನು ಪೈನ್ ಮರಕ್ಕೆ ಒತ್ತಿ ಮುರಿದಿತ್ತು, ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ನಲವತ್ನಾಲ್ಕು ಹಾರಿಸಿದರೆ ಅದರ ಒದೆತ ಮಣಿಕಟ್ಟಿನಿಂದ ಹಲ್ಲಿನವರೆಗೆ ಬರುತ್ತಿತ್ತು. ಒದೆತ ಬರುವ ಮೊದಲೇ ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಲವತ್ತೊಂದು ಅಷ್ಟು ಒದೆಯುವುದಿಲ್ಲ. ಗುಂಡು ನೇರ ಹೋಗುತ್ತದೆ, ಗಟ್ಟಿ ಹಣೆಯೊಳಕ್ಕೆ ಮುನ್ನೂರೈವತ್ತೇಳಕ್ಕಿಂತ ಆಳವಾಗಿ ಇಳಿಯುತ್ತದೆ.

ಅದರ ತೊಂದರೆಗಳನ್ನೂ ಅವಳು ಮುಚ್ಚಿಡುತ್ತಿರಲಿಲ್ಲ. ಕಣಿವೆಗೆ ಇರುವುದೊಂದೇ ಅಂಗಡಿ. ಅಲ್ಲಿಗೆ ಆ ತೋಟಾ ವರ್ಷಕ್ಕೊಂದು ಪೆಟ್ಟಿಗೆ ಬಂದರೆ ಹೆಚ್ಚು. ಹಾಗಾಗಿ ಅಡುಗೆಮನೆಯ ಮೇಜಿಗೆ ಕೈಯಂತ್ರವೊಂದನ್ನು ಬಿಗಿದುಕೊಂಡು ಖಾಲಿ ಚಿಪ್ಪಿಗೆ ಮದ್ದು, ಗುಂಡು ತಾನೇ ತುಂಬಿಕೊಳ್ಳುತ್ತಿದ್ದಳು. ಹಾರಿಸಿದ ಮೇಲೆ ರಿವಾಲ್ವರಿನಿಂದ ಕೊಡವಿದ ಖಾಲಿ ಹಿತ್ತಾಳೆ ಚಿಪ್ಪು ಹುಲ್ಲಿಗೆ ಬಿದ್ದರೆ ಮಂಡಿಯೂರಿ ಹುಡುಕುತ್ತಿದ್ದಳು. ಒಂದೊಂದು ಚಿಪ್ಪನ್ನೂ ಬಾಯಿ ಸೀಳುವವರೆಗೆ ಎಂಟೊಂಬತ್ತು ಸಲ ಬಳಸುತ್ತಿದ್ದಳು. ಗುರಿ ಅಭ್ಯಾಸಕ್ಕೆ ಕಡಿಮೆ ಮದ್ದು, ಕೆಲಸಕ್ಕೆ ಪೂರ್ತಿ ಮದ್ದು. ಪೂರ್ತಿ ಮದ್ದಿನ ತೋಟಾದ ಹಿಂಬದಿಯ ಕೇಪಿನ ಮೇಲೆ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಡುತ್ತಿದ್ದಳು. ಆ ಬಣ್ಣವನ್ನು ಅವಳು ಉಗುರಿಗೆ ಹಚ್ಚಿದ್ದನ್ನು ಯಾರೂ ನೋಡಿಲ್ಲ.

ಮೆರಿಟ್ ಬದುಕಿರುವವರೆಗೆ ಇದೊಂದು ವಿಷಯವೇ ಆಗಿರಲಿಲ್ಲ. ಅವನು ತೀರಿಕೊಂಡ ಮರುವರ್ಷ, ಸೆಪ್ಟೆಂಬರಿನಲ್ಲಿ, ರಾಯ್ಸ್ ಆಳುಗಳನ್ನೆಲ್ಲ ಲಾಯದ ಮುಂದೆ ನಿಲ್ಲಿಸಿ, ಇನ್ನು ಮೇಲೆ ಎಲ್ಲರ ಸೊಂಟದಲ್ಲೂ ನಲವತ್ನಾಲ್ಕೇ ಇರಬೇಕು ಎಂದ. ಆ ಮಾತು ತೀರಾ ಅರ್ಥವಿಲ್ಲದ್ದೇನೂ ಅಲ್ಲ. ಟಿಲಟ್ಸನ್‌ರ ಕ್ಯಾಂಪಿನ ಅಡುಗೆ ಗುಡಾರದಲ್ಲಿ ಹಲಗೆಯ ಮೇಲೆ ಒಂದು ದೊಡ್ಡ ಕಾಫಿ ಡಬ್ಬಿ ಇರುತ್ತಿತ್ತು. ಬೇಟೆ ಮುಗಿಸಿ ಊರಿಗೆ ಹೊರಟವರು ಉಳಿದ ನಲವತ್ನಾಲ್ಕರ ತೋಟಾಗಳನ್ನು ಅದಕ್ಕೆ ಸುರಿದು ಹೋಗುತ್ತಿದ್ದರು, ಆಳುಗಳು ಬೇಕೆಂದಾಗ ಅದಕ್ಕೆ ಕೈಹಾಕುತ್ತಿದ್ದರು. ಬೇರೆ ಅಳತೆಯದನ್ನು ಅದಕ್ಕೆ ಹಾಕಬಾರದೆಂಬುದು ಮೆರಿಟ್‌ನ ಕಾಲದ ಕಟ್ಟಪ್ಪಣೆ. ಆ ಡಬ್ಬಿಗೆ ಹಾಕದವಳು, ಅದರಿಂದ ತೆಗೆಯದವಳು ಡೆಲ್ಫಾ ಒಬ್ಬಳೇ.

"ಕರಡಿ ಮೈಮೇಲೆ ಬಂತು, ನಿನ್ನ ತೋಟಾ ಮುಗೀತು ಅನ್ಕೋ. ಆಗ ಯಾರ ಹತ್ರ ಕೇಳ್ತೀಯಾ?" ಎಂದ ರಾಯ್ಸ್.

"ಮುಗಿಯೋ ಅಷ್ಟು ಹೊಡೆಯೋಳಲ್ಲ ನಾನು."

"ನಮ್ದು ಮುಗಿದ್ರೆ? ನೀನು ಕೊಡೋಕಾಗುತ್ತಾ?"

ಹಿಂದಿನ ಸಾಲಿನ ಹಗ್ಗ ಹಿಡಿಯುವ ಡಬ್ ಕೋಫ್ಲಿನ್ ನಕ್ಕ. "ಅಜ್ಜಿಗೆ ತೋಟಾ ಯಾಕಣ್ಣ? ಒಂದ್ಸಲ ಬಾಯಿ ತೆಗೆದು ಬೈದ್ರೆ ಕರಡಿ ಕೆನಡಾ ಸೇರ್ಕೊಳುತ್ತೆ."

ರಾಯ್ಸ್ ತನ್ನ ನಲವತ್ನಾಲ್ಕನ್ನು ಬಿಚ್ಚಿ ಅವಳ ಕೈಗೆ ಕೊಟ್ಟ. ಬೇಲಿ ಕಂಬದ ಮೇಲೆ ಒಂದು ಡಬ್ಬಿಯ ಮುಚ್ಚಳ ನಿಲ್ಲಿಸಿದರು. ಐದು ಈಡಿನಲ್ಲಿ ನಾಲ್ಕು ತಪ್ಪಿದವು.

"ಕಣ್ಣು ಬಿಟ್ಕೊಂಡು ಹೊಡಿ ಅಜ್ಜಿ! ಫೋಟೋ ತೆಗೀತಿಲ್ಲ ಯಾರೂ!" ಎಂದು ಡಬ್ ಕೂಗಿದ. ಎಲ್ಲರೂ ನಕ್ಕರು. ರಾಯ್ಸ್ ಕೂಡ ನಕ್ಕ.

ಡೆಲ್ಫಾ ಅದನ್ನು ಹಿಂದಿರುಗಿಸಿದಳು. ಊದಿಕೊಳ್ಳುತ್ತಿದ್ದ ಮಣಿಕಟ್ಟನ್ನು ಒಂದು ಕ್ಷಣ ಎಡಗೈಯಲ್ಲಿ ಹಿಡಿದುಕೊಂಡಳು. ಆಮೇಲೆ ತನ್ನದನ್ನು ತೆಗೆದು ಐದು ಈಡು ಹೊಡೆದಳು. ಐದೂ ಮುಚ್ಚಳಕ್ಕೆ ಬಿದ್ದವು. ಈ ಸಲ ಯಾರೂ ನಗಲಿಲ್ಲ. ಅವಳು ರಿವಾಲ್ವರ್ ತೆರೆದು ಖಾಲಿ ಚಿಪ್ಪುಗಳನ್ನು ಒಂದೊಂದಾಗಿ ಜೇಬಿಗೆ ಹಾಕಿಕೊಳ್ಳುವವರೆಗೆ ರಾಯ್ಸ್ ಕಾದ.

"ಸರಿ, ಈ ಒಂದು ಹಂಗಾಮು ಇಟ್ಕೋ," ಎಂದ. "ಆದ್ರೆ ಕೇಳಿಸ್ಕೋ. ನಿನ್ನ ನಲವತ್ತೊಂದರಿಂದ ಒಂದೇ ಒಂದು ಸಲ ಕೆಲಸ ಕೆಡ್ಲಿ, ಹಗ್ಗ ಡಬ್ ಕೈಗೆ. ನೀನು ಒಲೆ ಮುಂದೆ."

"ಆಗ್ಲಿ," ಎಂದಳು.

ಅರವತ್ತೊಂದು ವರ್ಷದ ಅವಳಿಗೆ ಆ ಹಗ್ಗವಲ್ಲದೆ ಬೇರೆ ಏನೂ ಇರಲಿಲ್ಲ. ಮಕ್ಕಳಿಲ್ಲ. ಚಳಿಗಾಲದ ಐದು ತಿಂಗಳು ಒಂದು ಕೋಣೆಯ ಮನೆಯಲ್ಲಿ ಕೂತು ಜೀನುಗಳ ಪಟ್ಟಿ ಹೊಲಿಯುತ್ತ ಬೇಸಿಗೆಗಾಗಿ ಕಾಯುತ್ತಿದ್ದಳು. ಸಾಲಿನ ಮೊದಲ ಹೇಸರಗತ್ತೆ ಡೀಕನ್. ಟಿಲಟ್ಸನ್‌ರ ಮುದ್ರೆ ಇಲ್ಲದ ಒಂದೇ ಒಂದು ಪ್ರಾಣಿ, ಅವಳ ಸ್ವಂತದ್ದು. ಆರ್ವಿಡ್ ಸತ್ತ ವಸಂತದಲ್ಲಿ ಹುಟ್ಟಿದ ಅದನ್ನು ಅವಳು ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಚರ್ಚಿನ ಹಿರಿಯನಂತೆ ತಲೆ ತಗ್ಗಿಸಿ ಗಂಭೀರವಾಗಿ ನಡೆಯುತ್ತಿತ್ತೆಂದು ಆ ಹೆಸರು ಬಂದಿತ್ತು.

ಅಕ್ಟೋಬರಿನ ಮೂರನೇ ವಾರದವರೆಗೆ ಯಾವ ತೊಂದರೆಯೂ ಆಗಲಿಲ್ಲ. ಆ ವಾರ ಕ್ಯಾಂಪಿನಲ್ಲಿ ಇಬ್ಬರು ಬೇಟೆಗಾರರಿದ್ದರು. ಒಂದು ಸಂಜೆ, ಬೀನ್ಸ್ ಕಾಳು ಮತ್ತು ಎಲ್ಕ್ ಎಂಬ ದೊಡ್ಡ ಜಿಂಕೆಯ ಮಾಂಸದ ಊಟಕ್ಕೆ ಎಲ್ಲರೂ ಗುಡಾರದಲ್ಲಿ ಸೇರಿದ್ದಾಗ, ಡಬ್ ಡೆಲ್ಫಾಳ ಜೀನಿನ ಚೀಲದಿಂದ ಆರು ತೋಟಾಗಳನ್ನು ತಂದು ಬೇಟೆಗಾರರಿಗೆ ತೋರಿಸಿದ.

"ಇವು ನೋಡಿ ಸಾರ್, ಅಳಿದು ಹೋಗ್ತಿರೋ ಜಾತಿ. ಲಿಪ್‌ಸ್ಟಿಕ್ ಬೇರೆ ಹಚ್ಚಿದಾರೆ."

"ಅಲ್ಲಿಡು ಅದನ್ನ," ಎಂದಳು ಡೆಲ್ಫಾ.

"ಪಾಪ, ಒಂಟಿಯಾಗಿವೆ ಅಜ್ಜಿ. ಸ್ವಲ್ಪ ಸಂಸಾರ ಮಾಡ್ಲಿ," ಎಂದು ಡಬ್ ಆರನ್ನೂ ಕಾಫಿ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ ಗಲಗಲನೆ ಕುಲುಕಿದ.

ಗುಡಾರವೆಲ್ಲ ನಕ್ಕಿತು. ಡೆಲ್ಫಾ ಎದ್ದು ಡಬ್ಬಿಯನ್ನು ಎಳೆದುಕೊಂಡು, ದೀಪದ ಹತ್ತಿರ ಹಿಡಿದು, ಕೈಹಾಕಿ ಹುಡುಕಿದಳು. ಎರಡು ಅಳತೆಯ ತೋಟಾಗಳ ಉದ್ದವೂ ಹೆಚ್ಚುಕಡಿಮೆ ಒಂದೇ, ದಪ್ಪದಲ್ಲಿ ನಲವತ್ತೊಂದು ಒಂದು ಕೂದಲೆಳೆಯಷ್ಟು ಕಡಿಮೆ. ಕೆಂಪು ಚುಕ್ಕೆ ನೋಡಿ ನಾಲ್ಕನ್ನು ಎತ್ತಿದಳು. ಡಬ್ಬಿಯಲ್ಲಿ ಇನ್ನೂರರಷ್ಟು ತೋಟಾಗಳಿದ್ದವು.

"ಇನ್ನೆರಡು ಒಳಗಿದೆ. ಸುರಿದು ನೋಡ್ಬೇಕು," ಎಂದಳು ರಾಯ್ಸ್ ಕಡೆ ತಿರುಗಿ. "ನಲವತ್ನಾಲ್ಕರ ತೋಟಾ ಮನೆಯೊಳಗೆ ಇದು ಸಲೀಸಾಗಿ ಕೂತ್ಕೊಳುತ್ತೆ. ಹಾರಿಸಿದ್ರೆ ಗುಂಡು ನಳಿಗೇಲಿ ಅಲ್ಲಾಡ್ಕೊಂಡು ಹೋಗುತ್ತೆ. ಎಲ್ಲಿ ಬೀಳುತ್ತೆ ಅಂತ ದೇವರಿಗೇ ಗೊತ್ತು."

"ಊಟದ ಮೇಜು ಮೇಲೆ ನನ್ನ ತೋಟಾ ಸುರೀಬೇಡ ಡೆಲ್ಫಾ. ಬೆಳಿಗ್ಗೆ ನೋಡೋಣ," ಎಂದ ರಾಯ್ಸ್. ಬಾಯಿ ಒರೆಸಿಕೊಂಡು ಬೇಟೆಗಾರರಿಗೆ ಕಣ್ಣು ಹೊಡೆದ. "ಎರಡು ಮಕ್ಕಳು ತಪ್ಪಿಸ್ಕೊಂಡಿವೆ. ಅಮ್ಮಂಗೆ ಇವತ್ತು ನಿದ್ದೆ ಬರಲ್ಲ."

ಅವರು ಇನ್ನೊಮ್ಮೆ ನಕ್ಕರು. ಡೆಲ್ಫಾ ನಾಲ್ಕನ್ನು ಜೇಬಿಗಿಟ್ಟುಕೊಂಡು ತಟ್ಟೆ ತೊಳೆದು ಹೊರಗೆ ಹೋದಳು.

ಬೆಳಿಗ್ಗೆ ಚಳಿ ಕಚ್ಚುತ್ತಿತ್ತು. ಕೆಳಗಿನ ಹಾದಿಗೆ ಮಾಂಸ ಸಾಗಿಸಬೇಕಾಗಿತ್ತು. ಡೆಲ್ಫಾ ಗುಡಾರದ ಬಾಗಿಲಲ್ಲಿ ಹಗ್ಗ ಸುತ್ತುತ್ತ ನಿಂತಿದ್ದಳು. ರಾಯ್ಸ್ ಒಳಗೆ ಕಾಫಿ ಹೀರುತ್ತ, ಕೈಗವಸು ತೆಗೆಯದೆ, ಡಬ್ಬಿಯಿಂದ ಒಂದು ಹಿಡಿ ತೋಟಾ ತೆಗೆದು ಒಂದೊಂದಾಗಿ ರಿವಾಲ್ವರಿಗೆ ತುಂಬಿದ. ಅವನ ಕಣ್ಣು ಹೊರಗಿನ ಮೋಡದ ಮೇಲಿತ್ತು. ತೋಟಾಗಳ ಹಿಂಬದಿಯನ್ನು ಅವನು ನೋಡಲಿಲ್ಲ. ಡೆಲ್ಫಾ ನೋಡುತ್ತಿದ್ದಳು.

ಒಂದರ ಮೇಲೆ ಕೆಂಪು ಕಂಡಿತು. ಇನ್ನೊಂದರ ಮೇಲೂ ಕಂಡಿತು.

ಇದನ್ನು ಆಮೇಲೆ ನಮಗೆ ಅವಳೇ ಹೇಳಿದ್ದು. ಹೇಳುವಾಗ ತಪ್ಪಿಸಿಕೊಳ್ಳಲು ನೋಡಲಿಲ್ಲ. ಅವನು ಯಾವುದೋ ಎಲ್ಕ್‌ಗೋ, ಮರದ ಬುಡಕ್ಕೋ ಹೊಡೆಯುತ್ತಾನೆ, ಬೇಟೆಗಾರರ ಎದುರಿಗೇ ಗುರಿ ಮೂರು ಅಡಿ ತಪ್ಪುತ್ತದೆ, ಒಂದು ಸಲ ಅವನನ್ನೂ ನೋಡಿ ನಗಲಿ ಎಂದು ಅವಳಿಗೆ ಅನಿಸಿತ್ತಂತೆ. ಒಂದು ಸಲ ಹೇಳಿದ್ದೇನೆ, ಎರಡನೇ ಸಲ ಯಾಕೆ ಹೇಳಲಿ ಎಂದುಕೊಂಡಳು. ಹಗ್ಗ ಸುತ್ತಿ ಮುಗಿಸಿ ಡೀಕನ್ ಹತ್ತಿರ ಹೋದಳು.

ಹಾದಿ ಬೆಟ್ಟದ ಮೈಮೇಲೆ ಹಿಂದೆ ಮುಂದೆ ತಿರುಗುತ್ತ ಇಳಿಯುತ್ತದೆ. ಮುಂದೆ ಕುದುರೆಯ ಮೇಲೆ ರಾಯ್ಸ್ ಮತ್ತು ಬೇಟೆಗಾರರು, ಅವರ ಹಿಂದೆ ಡೆಲ್ಫಾಳ ಸಾಲು, ಕೊನೆಗೆ ಡಬ್‌ನ ಸಾಲು. ಮೂರನೇ ತಿರುವಿನ ಮೇಲೆ ನೀರು ಹರಿದು ಹೆಪ್ಪುಗಟ್ಟಿತ್ತು. ಡೆಲ್ಫಾಳ ಕುದುರೆ ದಾಟಿತು. ಡೀಕನ್‌ನ ಹಿಂಗಾಲು ಜಾರಿತು. ಎರಡೂ ಬದಿಗೆ ಎಲ್ಕ್‌ನ ತೊಡೆಗಳ ಹೇರು ಇದ್ದದ್ದರಿಂದ ಅದಕ್ಕೆ ಮತ್ತೆ ಮೇಲೇಳಲಾಗಲಿಲ್ಲ. ಡೆಲ್ಫಾಳ ಕೈಯಿಂದ ಹಗ್ಗ ಚರ್ಮ ಕಿತ್ತುಕೊಂಡು ಹೋಯಿತು. ಹೇಸರಗತ್ತೆಗಳನ್ನು ಒಂದಕ್ಕೊಂದು ಕಟ್ಟುವಾಗ ನಡುವೆ ತೆಳ್ಳನೆಯ ದಾರದ ಕುಣಿಕೆ ಇಡುತ್ತಾರೆ, ಒಂದು ಬಿದ್ದರೆ ಉಳಿದವನ್ನೂ ಎಳೆದುಕೊಂಡು ಹೋಗಬಾರದೆಂದು. ಆ ದಾರ ಪಟ್ಟೆಂದು ಹರಿಯಿತು. ಡೀಕನ್ ಮಾತ್ರ ಕಲ್ಲುರಾಶಿಯ ಮೇಲೆ ಉರುಳುತ್ತ ಕೆಳಗಿನ ತಿರುವಿನ ಹತ್ತಿರ, ರಾಯ್ಸ್‌ನಿಂದ ಹತ್ತು ಹೆಜ್ಜೆ ದೂರ, ಬಿದ್ದಿತು.

ಮುಂಗಾಲಿನ ಮೂಳೆ ಹೊರಗೆ ಬಂದಿತ್ತು. ಹೇಸರಗತ್ತೆ ನೋವಿಗೆ ಕೂಗುವ ಕೂಗನ್ನು ಕೇಳಿದವರು ಅದನ್ನು ಮತ್ತೆ ಕೇಳಲು ಬಯಸುವುದಿಲ್ಲ.

ರಾಯ್ಸ್ ಕುದುರೆಯಿಂದ ಇಳಿದು ರಿವಾಲ್ವರ್ ತೆಗೆದ.

"ನಿಲ್ಲು ರಾಯ್ಸ್! ಅದು ನಂದು! ನಾನು ಬರ್ತೀನಿ!" ಎಂದು ಡೆಲ್ಫಾ ಮೇಲಿನಿಂದ ಕೂಗಿದಳು.

"ನೀನು ಇಳಿದು ಬರೋ ಹೊತ್ತಿಗೆ ಮಧ್ಯಾಹ್ನ ಆಗುತ್ತೆ. ನಿನ್ನ ಗಂಡನ ಆಟಿಕೆ ಅಲ್ಲೇ ಇರ್ಲಿ, ಕೆಲಸ ಹೇಗ್ ಮಾಡ್ತಾರೆ ನೋಡು."

ಅವಳು ಕಲ್ಲುಗಳ ಮೇಲೆ ಕೂತು ಜಾರುತ್ತ ಇಳಿಯತೊಡಗಿದಳು. ನಿಲ್ಲು, ನಿಲ್ಲು ಎಂದು ಕೂಗುತ್ತಲೇ ಇದ್ದಳು. ಯಾಕೆ ನಿಲ್ಲಬೇಕೆಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಬೆಳಿಗ್ಗೆಯೇ ಗೊತ್ತಿತ್ತೆಂದು ಒಪ್ಪಿದಂತಾಗುತ್ತಿತ್ತು.

ಡೀಕನ್ ತಲೆಯನ್ನು ಅತ್ತಿತ್ತ ಬೀಸುತ್ತಿತ್ತು, ಆದ್ದರಿಂದ ರಾಯ್ಸ್ ಹತ್ತಿರ ಹೋಗಲಿಲ್ಲ. ನಾಲ್ಕು ಹೆಜ್ಜೆ ದೂರದಿಂದ, ಗೆರೆಗಳು ಕೂಡುವ ಜಾಗ ನೋಡಿ ಹೊಡೆದ. ಸದ್ದು ಸರಿಯಾಗಿರಲಿಲ್ಲ, ಒದ್ದೆ ಕಟ್ಟಿಗೆ ಸೀಳಿದಂತಿತ್ತು. ಗುಂಡು ಅಡ್ಡಡ್ಡ ತಿರುಗಿ ಕಣ್ಣಿನ ಕೆಳಗೆ ಕೆನ್ನೆಯನ್ನು ಹರಿದು ಹಾಕಿತು. ಅವನು ಬೆಚ್ಚಿ ಮತ್ತೆ ಹೊಡೆದ. ಎರಡನೆಯದು ಕೆಳದವಡೆಯನ್ನು ಮುರಿಯಿತು. ಕೂಗು ನಿಲ್ಲಲಿಲ್ಲ, ಅದರ ಸ್ವರ ಮಾತ್ರ ಬದಲಾಯಿತು. ಮೂರನೇ ಸಲ ಟ್ರಿಗರ್ ಎಳೆದ. ಏನೂ ಆಗಲಿಲ್ಲ. ಒಳಗೆ ಚಿಪ್ಪು ಸೀಳಿ ಉಬ್ಬಿ, ರಿವಾಲ್ವರಿನ ಉರುಳೆ ತಿರುಗದಂತೆ ಸಿಕ್ಕಿಕೊಂಡಿತ್ತು. ಅವನು ಅದನ್ನು ಅಂಗೈಯಿಂದ ಬಡಿದ. ಬೇಟೆಗಾರರಲ್ಲೊಬ್ಬ ಹಾದಿಯ ಬದಿಯಲ್ಲಿ ಕೂತು ಕಿವಿ ಮುಚ್ಚಿಕೊಂಡ.

ಡೆಲ್ಫಾ ತಲುಪಲು ಎರಡು ನಿಮಿಷ ಬೇಕಾಯಿತು. ಆ ಎರಡು ನಿಮಿಷವೂ ಡೀಕನ್ ಎದ್ದು ನಿಲ್ಲಲು ನೋಡುತ್ತಿತ್ತು. ಅವಳನ್ನು ಕಂಡು ಕಿವಿ ಮುಂದಕ್ಕೆ ತಿರುಗಿಸಿತು. ಅವಳು ಅದರ ಮುಂದೆ ಮಂಡಿಯೂರಿ, ಎಡಗೈಯಿಂದ ಕುತ್ತಿಗೆಯ ಹಗ್ಗ ಹಿಡಿದು ತಲೆ ನಿಲ್ಲಿಸಿದಳು. ಒಂದೇ ಈಡು.

ಆಮೇಲೆ ರಾಯ್ಸ್ ಚಾಕುವಿನ ತುದಿಯಿಂದ ತನ್ನ ರಿವಾಲ್ವರನ್ನು ಬಿಡಿಸಿದ. ಉದ್ದಕ್ಕೂ ಸೀಳಿದ ಎರಡು ಚಿಪ್ಪು ಅಂಗೈಗೆ ಬಿದ್ದವು. ತಿರುಗಿಸಿ ನೋಡಿದ.

"ಯಾರದು ಈ ಬಣ್ಣ?"

"ನಂದು. ಡಬ್ಬಿಗೆ ಹಾಕಿದ್ದು ಡಬ್."

ಡಬ್ ಆಗ ಮೇಲಿನಿಂದ ಇಳಿದು ಬಂದಿದ್ದ. "ನಾನು ತಮಾಷೆಗೆ ಹಾಕ್ದೆ ಅಣ್ಣ. ಅವಳೇ ವಾಪಸ್ ಎತ್ಕೊಂಡ್ಳಲ್ಲ, ಎಲ್ರೂ ನೋಡಿದಾರೆ," ಎಂದು ಹೇಳಿ, ಸತ್ತ ಹೇಸರಗತ್ತೆಯ ಹೇರು ಬಿಚ್ಚತೊಡಗಿದ.

"ಇನ್ನೆರಡು ಒಳಗಿದೆ ಅಂತ ನಿನ್ನೆ ಹೇಳಿದ್ದೆ," ಎಂದಳು ಡೆಲ್ಫಾ.

"ನಿನ್ನೆ ಹೇಳಿದ್ದೆ, ಸರಿ." ರಾಯ್ಸ್ ಅವಳನ್ನೇ ನೋಡುತ್ತಿದ್ದ. "ಇವತ್ತು ನಾನು ತುಂಬ್ತಿದ್ದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕೈನೇ ನೋಡ್ತಿದ್ದೆ."

ಅವಳು ಡೀಕನ್ ಕಡೆ ತಿರುಗಿದಳು.

"ನೋಡಿದ್ಯಾ ಇಲ್ವಾ?"

"ನೋಡ್ದೆ."

ರಾಯ್ಸ್‌ನ ಮುಖದಲ್ಲಿ ಏನೋ ಸಡಿಲವಾಯಿತು. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಬೇಟೆಗಾರರಿಗೂ ಕೇಳುವಂತೆ ಹೇಳಿದ: "ಹಾಗಾದ್ರೆ ನಿನ್ನ ಪ್ರಾಣೀನ ಇಷ್ಟು ನರಳಿಸಿ ಕೊಂದಿದ್ದು ನೀನು. ನಾನಲ್ಲ. ಹಗ್ಗ ಡಬ್‌ಗೆ ಕೊಡು."

ಹಗ್ಗ ಇನ್ನೂ ಡೀಕನ್‌ನ ಕುತ್ತಿಗೆಯಲ್ಲೇ ಇತ್ತು. ಅವಳು ಬಾಗಿ ಬಿಚ್ಚಿ, ರಕ್ತ ಅಂಟಿದ್ದ ಕಡೆ ಹಿಮದಲ್ಲಿ ಉಜ್ಜಿ, ಸುತ್ತಿ, ಡಬ್‌ನ ಕೈಗೆ ಕೊಟ್ಟಳು. ತಾನು ಒಂದು ಈಡು ಹೊಡೆದ ಚಿಪ್ಪನ್ನು ತೆಗೆದು ಜೇಬಿಗೆ ಹಾಕಿಕೊಂಡಳು. ಅಭ್ಯಾಸಬಲ. ಡಬ್ ಅದನ್ನು ನೋಡಿ, "ಈಗ್ಲೂ ಚಿಪ್ಪಿನ ಚಿಂತೆ ನೋಡು ಇವಳಿಗೆ," ಎಂದ.

ಡೀಕನ್‌ನನ್ನು ಅಲ್ಲೇ ಬಿಟ್ಟರು. ಕಲ್ಲಿನಲ್ಲಿ ಹೂಳುವಂತಿರಲಿಲ್ಲ. ಮೂರು ದಿನ ಬಿಟ್ಟು ರಾಯ್ಸ್ ಆ ಕಿವಿ ಮುಚ್ಚಿಕೊಂಡಿದ್ದ ಬೇಟೆಗಾರನನ್ನೇ ಕರೆದುಕೊಂಡು ಹೋಗಿ ಎದುರಿನ ಬಂಡೆಯ ಹಿಂದೆ ಕೂರಿಸಿದ. ಹೆಣದ ವಾಸನೆಗೆ ಕರಡಿ ಬಂತು, ಬೇಟೆಗಾರ ಹೊಡೆದ. ಹಾಗೆ ಕೂರಿಸುವುದು ಕಾನೂನೋ ಅಲ್ಲವೋ ಯಾರೂ ಕೇಳಲಿಲ್ಲ. ಅಂದು ಡೆಲ್ಫಾ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಬೇಟೆಗಾರ ಖುಷಿಯಿಂದ ಬಂದು, ಕರಡಿಯ ಕೊಬ್ಬಿನಲ್ಲಿ ರೊಟ್ಟಿ ಬೇಯಿಸಿದರೆ ರುಚಿಯಂತೆ, ಹೌದೇ ಎಂದು ಕೇಳಿದ. ಹೌದು ಎಂದಳು. ಬೇಯಿಸಿಯೂ ಕೊಟ್ಟಳು.

ಮರುವರ್ಷವೂ ಅವಳು ಒಲೆಯ ಮುಂದೆಯೇ ಇದ್ದಳು. ಕಾಫಿ ಡಬ್ಬಿ ಅವಳ ತಲೆಯ ಮೇಲಿನ ಹಲಗೆಯಲ್ಲೇ ಇತ್ತು. ಪ್ರತಿ ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಅದನ್ನು ಬೋಗುಣಿಗೆ ಸುರಿದು, ಒಂದೊಂದು ತೋಟಾದ ಹಿಂಬದಿಯನ್ನೂ ನೋಡಿ, ಮತ್ತೆ ತುಂಬಿಡುತ್ತಿದ್ದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಡಬ್ ಒಂದು ದಿನ ನೋಡಿ, "ಅಕ್ಕಿ ಆರಿಸ್ತಾ ಇದೀಯಾ ಅಜ್ಜಿ?" ಎಂದ. ಅವಳು ಇನ್ನೊಂದು ತೋಟಾ ತಿರುಗಿಸಿ ನೋಡಿದಳು.

ಕಳೆದ ಏಪ್ರಿಲಿನಲ್ಲಿ ಅವಳು ನಲವತ್ತೊಂದನ್ನು ಮಾರಲು ಅಂಗಡಿಗೆ ತಂದಳು. ಅಂಗಡಿಯ ಎಲ್ಬರ್ಟ್ ಕನ್ನಡಕ ಏರಿಸಿ ತಿರುಗಿಸಿ ನೋಡಿ, "ಬಂದೂಕು ಚೆನ್ನಾಗಿದೆ. ಕೊಳ್ಳೋರೇ ಇಲ್ಲ," ಎಂದ. ಆಗ ಅಲ್ಲಿ ಬೇರೆ ಊರಿನ ಒಬ್ಬ ಯುವತಿ ಇದ್ದಳು, ಸಾಲು ನಡೆಸುವ ಕೆಲಸಕ್ಕೆ ಹೊಸದಾಗಿ ಸೇರಿದವಳು. ಅವಳ ಮಣಿಕಟ್ಟೂ ಸಣ್ಣದು.

"ಇದರಲ್ಲಿ ಒಳ್ಳೇದೇನು, ಕೆಟ್ಟದೇನು, ಹೇಳ್ತೀರಾ?" ಎಂದು ಅವಳು ಕೇಳಿದಳು.

ಡೆಲ್ಫಾ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಒದೆತ ಕಡಿಮೆ. ನೇರ ಹೋಗುತ್ತೆ. ಆಳ ಇಳಿಯುತ್ತೆ. ತೋಟಾ ಸಿಗಲ್ಲ, ನೀನೇ ತುಂಬ್ಕೋಬೇಕು. ಸಾಲ ಕೇಳೋಕೆ ಯಾರೂ ಇರಲ್ಲ. ಕೊನೆಗೆ ಹೇಳಿದಳು: "ನಲವತ್ನಾಲ್ಕರೊಳಗೆ ಇದು ಹೋಗುತ್ತೆ. ಹೋಗ್ತಿರೋದನ್ನ ಕಂಡ್ರೆ ಬಾಯ್ಬಿಟ್ಟು ಹೇಳ್ಬೇಕು. ಎಷ್ಟು ಸಲ ಆದ್ರೂ."

ಎಲ್ಬರ್ಟ್‌ಗೆ ಮಾರಾಟ ಕುದುರಿಸುವ ಆಸೆ. ಗೋಡೆಯ ಮೇಲೆ ರಾಯ್ಸ್ ತೂಗುಹಾಕಿಸಿದ್ದ ಚಿತ್ರ ತೋರಿಸಿದ. ಸತ್ತ ಕರಡಿ, ಅದರ ಪಕ್ಕ ನಗುವ ಬೇಟೆಗಾರ, ಹಿಂದೆ ಕಲ್ಲುಗಳ ನಡುವೆ ಅರ್ಧ ತಿಂದ ಹೇಸರಗತ್ತೆ. ತಲೆಯನ್ನು ಕರಡಿ ಮುಟ್ಟಿರಲಿಲ್ಲ. ದ‌ವಡೆ ಮುರಿದಿದ್ದರೂ ಹಣೆ ಚೆನ್ನಾಗಿ ಕಾಣುತ್ತಿತ್ತು.

"ನೋಡಮ್ಮ ಆ ತೂತು, ಸರಿಯಾಗಿ ಎಲ್ಲಿ ಇರ್ಬೇಕೋ ಅಲ್ಲೇ ಇದೆ. ಇದೇ ರಿವಾಲ್ವರ್‌ದು. ಈಕೆ ಹನ್ನೆರಡು ಹೇಸರಗತ್ತೆ ಮುಗಿಸಿದಾಳೆ, ಎಲ್ಲಕ್ಕೂ ಒಂದೊಂದೇ ಈಡು. ಅಲ್ವಾ ಡೆಲ್ಫಾ?"

ಡೆಲ್ಫಾ ಚಿತ್ರದ ಕಡೆ ನೋಡಲಿಲ್ಲ. ರಿವಾಲ್ವರನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿದಳು.

"ಹನ್ನೊಂದಕ್ಕೆ," ಎಂದಳು.